ಕೆಂಪು ತೊಟ್ಟಿನ ಬಿಳಿ ಹೂವು

ನನ್ನ ಮದುವೆ ಮುರಿದು ಮೂರು ದಿನವಾಗಿತ್ತು. ಅದು ನನಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅದೇ ಮದುವೆಗೆ ಬಟ್ಟೆಯ ಹೂ ಹೊಲಿಯುತ್ತ ಕೂತಿದ್ದೆ.

ನಾನು ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ ಮಾಡುವವಳು. ದೊಗಲೆಯಾದದ್ದನ್ನು ಬಿಗಿ ಮಾಡುತ್ತೇನೆ, ಬಿಗಿಯಾದದ್ದನ್ನು ಸಡಿಲಿಸುತ್ತೇನೆ. ಹನ್ನೊಂದು ವರ್ಷದಿಂದ ಬೇರೆಯವರ ಮದುವೆ ಬಟ್ಟೆಗಳಿಗೆ ಕೊನೆಯ ಗಳಿಗೆಯ ಹೊಲಿಗೆ ಹಾಕುತ್ತ ಬಂದಿದ್ದೇನೆ. ಮದುವೆ ಹುಡುಗಿಯರು ಒಂದು ವಾರದಲ್ಲಿ ತೆಳ್ಳಗಾಗುತ್ತಾರೆ, ಇನ್ನೊಂದು ವಾರದಲ್ಲಿ ದಪ್ಪಗಾಗುತ್ತಾರೆ, ನಡುವೆ ಅಳುತ್ತಾರೆ. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೂಂ ಎನ್ನುತ್ತೇನೆ. ನನ್ನ ಸರದಿ ಬಂದಾಗ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ನಾನು ಮದುವೆಯಾಗಬೇಕಿದ್ದವನು ವೈರಿಂಗ್ ಕೆಲಸದವನು. ಕಟ್ಟುತ್ತಿರುವ ಮನೆಗಳಿಗೆ ತಂತಿ ಎಳೆಯುತ್ತಾನೆ. ನಮ್ಮಕ್ಕ ಅವನಿಗಿಟ್ಟ ಹೆಸರು ‘ಕರೆಂಟು’. ಇರುತ್ತಾನೆ, ಆದರೆ ಸದ್ದಿರುವುದಿಲ್ಲ ಎನ್ನುವುದು ಅವಳು ಕೊಡುವ ಕಾರಣ.

ನಾಲ್ಕು ವರ್ಷದ ಹಿಂದೆ ನಮ್ಮ ಅಂಗಡಿಯ ಇಸ್ತ್ರಿಪೆಟ್ಟಿಗೆಯ ಪ್ಲಗ್ ಪಾಯಿಂಟ್ ಸುಟ್ಟಾಗ ಬಂದಿದ್ದ. ಮೇನ್ ಆಫ್ ಮಾಡಿ ಅಂದ, ಮಾಡಿದೆ. ಒಳಗೆಲ್ಲ ಕತ್ತಲಾಯಿತು. ಸಂಜೆಗೆ ಕೊಡಬೇಕಾದ ಕೋಟೊಂದಿತ್ತು. ಕತ್ತಲಲ್ಲೇ ಗುಂಡಿ ಹೊಲಿಯುತ್ತ ಕೂತೆ. ಗೋಡೆಗೆ ಹಿಡಿಯಬೇಕಾದ ಟಾರ್ಚನ್ನು ಅವನು ನನ್ನ ಬೆರಳಿಗೆ ಹಿಡಿದ. ಗುಂಡಿ ಮುಗಿಯುವವರೆಗೂ ಹಿಡಿದೇ ಇದ್ದ.

“ಪ್ಲಗ್ ಆ ಕಡೆ ಇದೆ,” ಎಂದೆ ತಲೆಯೆತ್ತದೆ.

“ಗೊತ್ತು,” ಎಂದ.

ಆ ಒಂದು ‘ಗೊತ್ತು’ ಕೇಳಿ ನನ್ನ ಕಿವಿ ಬಿಸಿಯಾಯಿತು. ಬೆಳಕಿದ್ದಿದ್ದರೆ ಅವನಿಗೂ ಕಾಣುತ್ತಿತ್ತು.

ಮದುವೆ ನಿಶ್ಚಯವಾಗಿ ಹಾಲ್ ಬುಕ್ ಮಾಡಿದ ಮೇಲೆ, ಡೆಕೊರೇಷನ್‌ನವನು ಹೇಳಿದ ರೇಟು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟಿದ್ದರೆ ಒಂದು ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅಕ್ಕ ಹೇಳಿದಾಗ ನನಗೆ ರೋಷ ಬಂತು. ಬಾಗಿಲಿಂದ ಸ್ಟೇಜಿನವರೆಗೆ ಇಡೀ ಹಾಲ್‌ಗೆ ಹೂವು ನಾವೇ ಮಾಡುತ್ತೇವೆ ಎಂದುಬಿಟ್ಟೆ. ನನ್ನ ಬಾಯಿಗೆ ಮೊದಲೇ ಒಂದು ಹೊಲಿಗೆ ಹಾಕಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಆರಕ್ಕೆ ಅವನು ಬರುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆವು. ಲೈನಿಂಗ್ ಬಟ್ಟೆಯ ಬಿಳಿ ಚೂರುಗಳನ್ನು ನಾನು ಎಸಳಾಗಿ ಕತ್ತರಿಸಿದರೆ, ಅವನು ಒಂದೊಂದರ ಅಂಚನ್ನೂ ಮೇಣದಬತ್ತಿಗೆ ತೋರಿಸುತ್ತಿದ್ದ. ಅಂಚು ಸುಟ್ಟು ಮೆಲ್ಲಗೆ ಒಳಕ್ಕೆ ಮುದುಡಿಕೊಳ್ಳುತ್ತಿತ್ತು. ಐದು ಎಸಳು, ನಡುವೆ ಜೋಡಿ ಕಳೆದುಕೊಂಡ ಒಂದು ಗುಂಡಿ. ತೊಟ್ಟಿಗೆ ಸೈಟಿನಲ್ಲಿ ಉಳಿದ ತಂತಿಯ ತುಂಡುಗಳನ್ನು ತರುತ್ತೇನೆಂದು ಅವನೇ ಹೇಳಿದ. ತಂದದ್ದು ನೋಡಿದರೆ ಬರೀ ಕೆಂಪು ಮತ್ತು ಕಪ್ಪು.

ಹೂವಿನ ತೊಟ್ಟು ಹಸಿರಲ್ಲವೇನೋ ಎಂದು ಕೇಳಿದೆ. ಹಸಿರು ಅಂದರೆ ಅರ್ತಿಂಗ್ ತಂತಿ, ಅದನ್ನು ಬೇರೆ ಯಾವುದಕ್ಕೂ ಬಳಸಬಾರದು ಎಂದ. ಇದು ಹೂವು, ಇದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಎಷ್ಟು ತಿಳಿಸಿ ಹೇಳಿದರೂ, ಕೈಗೆ ಕೆಟ್ಟ ಅಭ್ಯಾಸ ಆಗಬಾರದು ಎಂದು ಹಟ ಹಿಡಿದ. ಕಪ್ಪು ನನಗೆ ಬೇಡವಾಗಿತ್ತು. ಹಾಗಾಗಿ ನಮ್ಮ ಬಿಳಿ ಹೂಗಳೆಲ್ಲ ಕೆಂಪು ತೊಟ್ಟಿನ ಮೇಲೆ ನಿಂತವು. ಅಕ್ಕ ಬಂದು ನೋಡಿ, ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಗುವುದು ಕೇಳಿದ್ದೆ, ತಂತಿ ಹೋಗುವುದು ಇದೇ ಮೊದಲು ಎಂದಳು.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಎಸಳು ಕೊಡುವಾಗ ಅವನ ಬೆರಳು ಬೇಕಿದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು ನನ್ನ ಅಂಗೈಯಲ್ಲಿ ಇರುತ್ತಿತ್ತು. ನಾನು ದಾರ ಕಚ್ಚಿ ಕಡಿಯುವಾಗ ನೋಡುತ್ತಿದ್ದ. ನಾನು ನೋಡಿದರೆ ಮೇಣದಬತ್ತಿ ನೋಡುತ್ತಿದ್ದ. ಒಂದು ಸಲ ಹಾಗೆ ನೋಡುತ್ತ ನಾಲ್ಕು ಎಸಳು ಪೂರ್ತಿ ಸುಟ್ಟ. ಆ ದಿನ ನಾನು ಬೈಯಲಿಲ್ಲ.

ಎರಡನೆಯ ತಿಂಗಳ ಹೊತ್ತಿಗೆ ಬೈಯತೊಡಗಿದೆ. ಹಗಲೆಲ್ಲ ಯಾರದೋ ಮದುವೆಗೆ, ಸಂಜೆ ನನ್ನದಕ್ಕೆ, ಒಂದೇ ಸೂಜಿ, ಒಂದೇ ಬೆನ್ನು. ಕಣ್ಣು ಮುಚ್ಚಿದರೆ ಎಸಳು ಕಾಣುತ್ತಿತ್ತು. ಅವನು ಬಂದ ಸದ್ದು ಕೇಳಿದರೆ ಮೊದಲಿನ ಹಾಗೆ ಎದೆ ಹಾರುತ್ತಿರಲಿಲ್ಲ, ಸೊಂಟ ಹಿಡಿದುಕೊಳ್ಳುತ್ತಿತ್ತು. ಇದು ಪ್ರೀತಿಯೋ ಓವರ್‌ಟೈಮೋ ಎಂದು ಒಂದು ಸಂಜೆ ನನ್ನನ್ನೇ ಕೇಳಿಕೊಂಡೆ. ಕೇಳಿಕೊಂಡದ್ದಕ್ಕೇ ಹೆದರಿಕೆಯಾಯಿತು.

ಮದುವೆಗೆ ಹನ್ನೆರಡು ದಿನವಿದ್ದಾಗ ಮೈ ಬಿಸಿಯಾಗಿ ನಾನು ಬೇಗ ಮನೆಗೆ ಹೊರಟೆ. ಅವನಿಗೊಂದು ಚೀಟಿ ಬರೆದು ಹೂವಿನ ಚೀಲಕ್ಕೆ ಪಿನ್ನು ಚುಚ್ಚಿಟ್ಟೆ. ನಮ್ಮ ಅಂಗಡಿಯ ಚೀಟಿ ಎರಡು ಬೆರಳಗಲ. ಅದರ ಭಾಷೆಯೂ ಅಷ್ಟೇ. ‘ಕಾಲರ್ ಬಿಡು’ ಎಂದು ಬರೆದರೆ ಕಾಲರ್ ಇದ್ದ ಹಾಗೇ ಇರಲಿ, ಅದಕ್ಕೆ ಕೈ ಹಚ್ಚಬೇಡ ಎಂದರ್ಥ. ‘ತೋಳು ಬಿಡು, ಸೊಂಟ ಮಾತ್ರ.’ ದಿನಕ್ಕೆ ಇಪ್ಪತ್ತು ಸಲ ಹೀಗೆ ಬರೆಯುತ್ತೇನೆ. ಆ ದಿನ ಬರೆದದ್ದು: ‘ಸಾಕಾಗಿದೆ. ನನ್ನ ಕೈಲಾಗಲ್ಲ. ಹಾಲ್ ಬಿಡು.’

ಗೋಡೆಗಳಿಗೆ ಹೂವು ಬೇಡ, ಸ್ಟೇಜಿಗಷ್ಟೇ ಮಾಡೋಣ ಎಂದು ನನ್ನ ಅರ್ಥ. ‘ಸ್ಟೇಜ್ ಮಾತ್ರ’ ಎಂದು ಸೇರಿಸಲು ಚೀಟಿಯಲ್ಲಿ ಜಾಗವಿರಲಿಲ್ಲ.

ಮರುದಿನ ಅವನ ಫೋನ್ ಬಂತು. ಈಗ ಹೇಗಿದ್ದೀಯ ಎಂದು ಕೇಳಿದ. ಜ್ವರವೂ ಬಿಟ್ಟಿತ್ತು, ಗೋಡೆಗಳ ಭಾರವೂ ಇಳಿದಿತ್ತು.

“ಹಗುರ ಅನಿಸ್ತಿದೆ ಕಣೋ. ಮೊದಲೇ ಈ ನಿರ್ಧಾರ ಮಾಡಬೇಕಿತ್ತು,” ಎಂದೆ.

“ಸರಿ ಹಾಗಾದ್ರೆ,” ಎಂದು ಫೋನಿಟ್ಟ.

ಮೂರು ದಿನ ಅವನು ಬರಲಿಲ್ಲ. ಸೈಟಿನಲ್ಲಿ ಕೆಲಸ ಜಾಸ್ತಿಯಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ರೆಸ್ಟ್ ಸಿಕ್ಕಿತು ಎಂದೂ ಅಂದುಕೊಂಡೆ. ಮೂರನೆಯ ಮಧ್ಯಾಹ್ನ ಸ್ಟೇಜಿನ ಅಳತೆ ತೆಗೆಯಲು ಟೇಪು ಹಿಡಿದು ಹಾಲ್‌ಗೆ ಹೋದೆ. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದ. ಮೊನ್ನೆಯೇ ನಿಮ್ಮ ಕಡೆಯವರು ಬಂದು ಬುಕಿಂಗ್ ಬಿಟ್ಟುಕೊಟ್ಟರಲ್ಲಮ್ಮ, ಆ ದಿನ ಬೇರೆಯವರಿಗೆ ಕೊಟ್ಟಾಯಿತು ಎಂದ. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಹಿಂದಿನ ಊಟದ ಕೋಣೆ ಖಾಲಿಯಿದೆ, ಐವತ್ತು ಕುರ್ಚಿ ಹಿಡಿಸುತ್ತದೆ ಎಂದೂ ಹೇಳಿದ. ನಾನು ನೇರ ಅವನ ಸೈಟಿಗೆ ಹೊರಟೆ. ಟೇಪು ಬೀದಿಯುದ್ದಕ್ಕೂ ನೆಲಕ್ಕೆ ಜೋತುಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು.

ಅವನ ಸೈಟಿನ ಮೂರನೆಯ ಮಹಡಿಗೆ ಇನ್ನೂ ಬಾಗಿಲಿರಲಿಲ್ಲ, ಕಿಟಕಿಯಿರಲಿಲ್ಲ. ಗೋಡೆಯ ಪೆಟ್ಟಿಗೆಗಳಿಂದ ತಂತಿಗಳು ನೇತಾಡುತ್ತಿದ್ದವು. ಅವನು ನೆಲಕ್ಕೆ ಕೂತು ಪೈಪಿನೊಳಗಿಂದ ತಂತಿ ಎಳೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ಹಾಲ್ ಯಾಕೆ ಬಿಟ್ಟುಕೊಟ್ಟೆ?”

“ನೀನೇ ಬರೆದಿದ್ದೆಯಲ್ಲ.”

ಶರ್ಟಿನ ಜೇಬಿನಿಂದ ಚೀಟಿ ತೆಗೆದ. ಎಷ್ಟು ಸಲ ಬಿಡಿಸಿ ಮಡಿಚಿದ್ದನೋ, ಮಡಿಕೆಯಲ್ಲಿ ಹರಿಯುವ ಹಾಗಿತ್ತು. ಅವನ ಕಣ್ಣಿಂದ ಒಮ್ಮೆ ಅದನ್ನು ಓದಿದೆ. ಸಾಕಾಗಿದೆ. ನನ್ನ ಕೈಲಾಗಲ್ಲ. ಹಾಲ್ ಬಿಡು. ಸಿಮೆಂಟ್ ಚೀಲದ ಮೇಲೆ ಕೂತೆ. ಕಾಲರ್, ತೋಳು, ಗೋಡೆ, ಸ್ಟೇಜು ಎಲ್ಲವನ್ನೂ ವಿವರಿಸಿ ಹೇಳಿದೆ. ಹಾಲು ಬಿಡು ಎಂದು ಓದಿಕೊಂಡು ಮೂರು ದಿನ ಕರಿ ಟೀ ಕುಡಿದಿದ್ದರೂ ಇಷ್ಟು ಅನಾಹುತ ಆಗುತ್ತಿರಲಿಲ್ಲ.

ಅವನು ಗೋಡೆಗೊರಗಿ ಮೆಲ್ಲಗೆ ನನ್ನ ಪಕ್ಕಕ್ಕೆ ಕುಸಿದು ಕೂತ. ಹಾಗಾದರೆ ಮದುವೆ ಬೇಡ ಅಂತಲ್ಲವಾ ಎಂದು ಎರಡು ಸಲ ಕೇಳಿದ. ಎರಡು ಸಲವೂ ಅಲ್ಲ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನ ಮುಖದಲ್ಲಿ ನೆಮ್ಮದಿ ಕಂಡದ್ದೇ ನನಗೆ ಸಿಟ್ಟು ಬಂತು.

“ನಾನು ಮದುವೆ ಬೇಡ ಅಂದೆ ಅಂತಲೇ ಇಟ್ಕೋ. ಯಾಕೆ ಅಂತ ಬಂದು ಒಂದು ಮಾತು ಕೇಳಬಾರದಾ? ನಾಲ್ಕು ವರ್ಷ ಕಣೋ. ಸ್ವಿಚ್ ಆರಿಸಿದ ಹಾಗೆ ಆರಿಸಿಬಿಟ್ಟೆಯಲ್ಲ. ನಾನು ಅಷ್ಟೇನಾ ನಿನಗೆ?”

“ನಿನಗೆ ಸುಸ್ತಾಗಿತ್ತು. ನಾನು ಬಂದು ಕೂತರೆ ಅದೂ ಒಂದು ಸುಸ್ತು ಅನಿಸ್ತು.”

“ಜಗಳ ಆಡಬೇಕಿತ್ತು.”

“ನನಗೆ ಬರಲ್ಲ.”

“ಈಗ ಆಡು. ಇಲ್ಲಾಂದ್ರೆ ನಾನು ನಿಜವಾಗ್ಲೂ ಎದ್ದು ಹೋಗ್ತೀನಿ.”

ತಮಾಷೆಗೆ ಹೇಳಿದ್ದಲ್ಲ. ನನ್ನನ್ನು ಇಷ್ಟು ಸುಲಭವಾಗಿ ಕಳೆದುಕೊಳ್ಳಬಲ್ಲವನ ಜೊತೆ ಬಾಳುವ ಶಕ್ತಿ ನನ್ನಲ್ಲಿರಲಿಲ್ಲ. ಅದು ಅವನಿಗೂ ತಿಳಿಯಿತು. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ.

“ಎರಡು ತಿಂಗಳಿಂದ ನೀನು ನನ್ನ ಮುಖ ನೋಡಿಲ್ಲ ಕಣೇ. ಸೂಜಿ ನೋಡ್ಕೊಂಡೇ ಮಾತಾಡ್ತೀಯ. ಏಣಿ ಹತ್ತಿ ಇಳಿದು ನನಗೂ ಮಂಡಿ ನೋವು. ನನಗೂ ಹೋಗಿ ಮಲಗಬೇಕು ಅನ್ಸುತ್ತೆ. ನನಗೆ ಹೂವು ಬೇಕಾಗಿರಲಿಲ್ಲ, ಹಾಲೂ ಬೇಕಾಗಿರಲಿಲ್ಲ. ಆದ್ರೂ ದಿನಾ ಆರು ಗಂಟೆಗೆ ಬರ್ತಿದ್ದೆ. ಯಾಕೆ ಬರ್ತೀಯ ಅಂತ ಒಂದು ದಿನ ಕೇಳಿದ್ಯಾ?”

“ಯಾಕೆ?”

“ನೀನು ಇರ್ತಿದ್ಯಲ್ಲ, ಅದಕ್ಕೆ.” ಅವನ ದನಿ ಅಲ್ಲಿಗೆ ಒಡೆಯಿತು. “ಚೀಟಿ ಓದಿ ನಿಮ್ಮ ಬೀದಿಯ ತನಕ ಬಂದೆ. ಕೇಳೋಕೆ ಭಯ ಆಯ್ತು. ಕೇಳಿದಾಗ ನೀನು ಹೌದು ಅಂದ್ಬಿಟ್ಟಿದ್ರೆ?”

ಆಗ ನಾನು ಅವನ ಮುಖ ನೋಡಿದೆ. ಎರಡು ತಿಂಗಳಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಕಿವಿಯ ಹತ್ತಿರ ನಾಲ್ಕೈದು ಬಿಳಿಕೂದಲು ಬಂದಿದ್ದವು. ಅವು ಯಾವಾಗ ಬಂದವೋ ನನಗೆ ಗೊತ್ತಿಲ್ಲ. ಹುಬ್ಬಿನ ಮೇಲೆ ಸಿಮೆಂಟಿನ ಧೂಳು ಕೂತಿತ್ತು. ಇಷ್ಟು ಹತ್ತಿರ ಕೂತು ಇಷ್ಟು ದೂರ ಹೋಗಿದ್ದಕ್ಕೆ ನನಗೆ ನಾಚಿಕೆಯಾಯಿತು. ಸೆರಗಿನಿಂದ ಧೂಳು ಒರೆಸಿದೆ. ಅವನು ಕಣ್ಣು ಮುಚ್ಚಿದ.

“ನನಗೂ ಭಯ ಇತ್ತು,” ಎಂದೆ. “ಪ್ರೀತಿ ಮುಗಿದು ಬರೀ ಸುಸ್ತು ಉಳಿದಿದೆ ಅಂದ್ಕೊಂಡಿದ್ದೆ. ಮೂರು ದಿನ ನೀನು ಬರಲಿಲ್ಲ, ನಾನು ಚೆನ್ನಾಗಿ ನಿದ್ದೆ ಮಾಡಿದೆ. ಆದ್ರೆ ಸುಸ್ತು ಹೋಗಲೇ ಇಲ್ಲ, ಜಾಸ್ತಿ ಆಯ್ತು. ನಿನ್ನ ಜೊತೆ ಸುಸ್ತಾದ್ರೆ ತಡ್ಕೋಬಹುದು. ಒಬ್ಬಳೇ ಆಗಲ್ಲ.”

ಅವನು ನನ್ನ ಕೈ ತೆಗೆದುಕೊಂಡು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿಗಳನ್ನು ಒಂದೊಂದಾಗಿ ತನ್ನ ತುಟಿಗೊತ್ತಿಕೊಂಡ. ತೋರುಬೆರಳಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತ.

ಆಮೇಲೆ ಲೋಕದ ಮಾತಿಗೆ ಬಂದೆವು. ಊಟದ ಕೋಣೆಯ ವಿಷಯ ಹೇಳಿದೆ. ಐವತ್ತು ಜನರೇ ಸಾಕು, ಅರ್ಧ ನೆಂಟರು ಬರೀ ಕೊಂಕು ತೆಗೆಯಲು ಬರುವವರು ಎಂದು ಇಬ್ಬರೂ ಒಪ್ಪಿದೆವು. ಆ ಕೋಣೆಗೆ ಈಗಿರುವ ಹೂಗಳೇ ಧಾರಾಳವಾಗಿ ಸಾಲುತ್ತಿದ್ದವು. ಇನ್ನೊಂದು ಎಸಳೂ ಕತ್ತರಿಸಬೇಕಿಲ್ಲ ಎಂದು ಹೊಳೆದಾಗ ನನಗೆ ಅಳು ಬಂತು. ಎರಡು ತಿಂಗಳಿಂದ ಬಾಕಿಯಿದ್ದದ್ದು, ಚೆನ್ನಾಗಿಯೇ ಅತ್ತೆ. ಅಕ್ಕನಿಗೆ ಯಾರು ಹೇಳೋದು ಎಂದು ಅವನು ಕೇಳಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡು ಬಂದವನು ನೀನು, ನೀನೇ ಹೇಳು ಎಂದೆ. ಹೂಂ ಎಂದ. ಆ ಹೂಂ ಅರ್ಧಕ್ಕೇ ನಿಂತಿತು. ತಿರುಗಿ ನೋಡಿದರೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಅವನ ತಲೆ ಭಾರವಾಗಿತ್ತು. ಹೆಗಲು ಮೊದಲೇ ನೋಯುತ್ತಿತ್ತು. ನಾನು ಅಲುಗಾಡಲಿಲ್ಲ.

ಕೆಳಗಿನಿಂದ ಸೂಪರ್‌ವೈಸರ್ ಕೂಗಿದ. ವೈರಿಂಗ್‌ನವನು ಎಲ್ಲಿ, ಎರಡನೇ ಮಹಡಿಯ ಪಾಯಿಂಟ್ ಇನ್ನೂ ಹಾಗೇ ಇದೆ ಎಂದು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ. ಬಂದವನು ನಮ್ಮನ್ನು ಕಂಡು ಅಲ್ಲೇ ನಿಂತ. ಕೈಸನ್ನೆಯಲ್ಲೇ ಯಾರು ನೀವು ಎಂದು ಕೇಳಿದ.

“ಸ್ವಲ್ಪ ಮೆಲ್ಲಗೆ ಮಾತಾಡಿ,” ಎಂದೆ. “ನಮ್ಮನೆಯವರು ಮಲಗಿದ್ದಾರೆ.”

ನಾಲ್ಕು ವರ್ಷದಲ್ಲಿ ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಸೂಪರ್‌ವೈಸರ್ ಚಪ್ಪಲಿ ಸದ್ದು ಮಾಡದೆ ಇಳಿದು ಹೋದ. ಸ್ವಲ್ಪ ಹೊತ್ತಿಗೆ ನನಗೂ ನಿದ್ದೆ ಬಂತು.