ಅಕ್ಕನ ಹೃದಯದ ಅಳತೆ

ಅಕ್ಕನಿಗೇ ಎಲ್ಲವೂ ಮೊದಲು. ಹೊಸ ಫ್ರಾಕು ಅವಳಿಗೆ. ಬಣ್ಣ ಮಾಸಿದ ಮೇಲೆ ತಂಗಿಗೆ. ಕಿಟಕಿ ಪಕ್ಕದ ಮಂಚ ಅವಳಿಗೆ. ಬೆರಳಿನ ಗಂಟುಗಳು ಊದಿ ಸೆಟೆದುಕೊಳ್ಳುವ ಈ ಕಾಯಿಲೆ ಕೂಡ ಮೊದಲು ಅಕ್ಕನಿಗೆ ಬಂದು, ಎರಡು ವರ್ಷ ಬಿಟ್ಟು ಇವಳಿಗೆ ಬಂದಿತ್ತು. ಈಗ ದೊಡ್ಡಾಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಉಳಿದಿದ್ದು ಒಂದೇ ಜಾಗ. ಹೆಸರು ಬರೆಸಿದವರ ಪಟ್ಟಿಯಲ್ಲಿ ಅಕ್ಕ ಮುಂದೆ, ಇವಳು ಅವಳ ಬೆನ್ನಿಗೆ.

ತಂಗಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಇನ್ನೊಂದು ವರ್ಷ ಹೀಗೇ ಹೋದರೆ ಮಾತ್ರೆಯ ಪಟ್ಟಿ ಕತ್ತರಿಸಲೂ ಆಗದೆ ಕೆಲಸ ಬಿಡಬೇಕಿತ್ತು. ಪ್ರಯೋಗದ ನಿಯಮಗಳ ಹಾಳೆಯನ್ನು ಕೌಂಟರಿನ ಹಿಂದೆ ಕೂತು ಓದಿದಳು. ಹೃದಯದ ಬಗ್ಗೆಯೇ ಆರು ನಿಯಮ. ಮೂರನೆಯದರಲ್ಲಿ ಕಣ್ಣು ನಿಂತಿತು: ಒಮ್ಮೆ ಬಡಿದ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗುವ ಅವಧಿ ಇಸಿಜಿಯಲ್ಲಿ ಅತಿಯಾಗಿ ಉದ್ದವಿದ್ದರೆ ಪ್ರವೇಶವಿಲ್ಲ. ಆ ಅವಧಿಯನ್ನು ಹಿಗ್ಗಿಸಬಲ್ಲ ಮಾತ್ರೆಗಳು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು. ಮಿಕ್ಕದ್ದರ ಮೇಲೆ ಸುಮ್ಮನೆ ಕಣ್ಣಾಡಿಸಿದಳು. ತನ್ನ ಹೃದಯ ಗಟ್ಟಿಯಾಗಿತ್ತು.

ಅಕ್ಕನಿಗೆ ನೆಗಡಿ ಹಿಡಿದದ್ದೇ ನೆಪವಾಯಿತು.

"ಮೂರು ದಿನ ಇದನ್ನ ತಗೋ. ಆಸ್ಪತ್ರೇಲಿ ಮಾತ್ರ ಬಾಯಿ ಬಿಡ್ಬೇಡ, ಪರೀಕ್ಷೆ ಮುಂದಕ್ಕೆ ಹಾಕ್ಬಿಡ್ತಾರೆ."

"ನೀನಿಲ್ದಿದ್ರೆ ನನ್ನ ಗತಿ ಏನೇ ಪುಟ್ಟಿ!" ಅಕ್ಕ ಮಾತ್ರೆ ನುಂಗಿ, ಊದಿದ ಬೆರಳಲ್ಲೇ ಇವಳ ಕೆನ್ನೆ ಹಿಂಡಿದಳು. ಇವಳಿಗೆ ಅದೂ ಸೇರಲಿಲ್ಲ. ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲೂ ಅಕ್ಕನೇ ಮುಂದು.

ಅಂದುಕೊಂಡದ್ದು ಚೂರೂ ತಪ್ಪಲಿಲ್ಲ. ಎರಡು ಸಲ ಇಸಿಜಿ ತೆಗೆದರೂ ಅವಧಿ ಉದ್ದವೇ ಬಂತು, ಅಕ್ಕನನ್ನು ಕೈಬಿಟ್ಟರು. ಅವಳು ಅತ್ತದ್ದು ಒಂದು ಗಳಿಗೆ. ಆಮೇಲೆ ಮೂಗೊರೆಸಿಕೊಂಡು, "ಹೋಗ್ಲಿ ಬಿಡು, ನಿನಗಾದ್ರೂ ಸಿಗತ್ತಲ್ಲ" ಎಂದಳು. ಮಾತ್ರೆಯ ಖಾಲಿ ಪಟ್ಟಿಯನ್ನು ತಂಗಿ ಅಂಗಡಿಯ ಕಸದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡಳು. ಜೀವಮಾನದಲ್ಲಿ ಒಮ್ಮೆಯಾದರೂ ಅಕ್ಕ ಹಿಂದೆ ಬಿದ್ದಿದ್ದಳು.

ಮರುವಾರ ಇವಳ ಸರದಿ. ಇಸಿಜಿ ಅಚ್ಚುಕಟ್ಟಾಗಿ ಬಂತು. ನಿಯಮಗಳಿಗೆ ಒಂದೊಂದೇ ಟಿಕ್ ಹಾಕುತ್ತಾ ಬಂದ ನರ್ಸು ಆರನೆಯದರ ಮುಂದೆ ಪೆನ್ನು ಎತ್ತಿದಳು. "ಅಯ್ಯೋ, ಹೋದ ವಾರ ಬಂದಿದ್ದು ನಿಮ್ಮ ಸ್ವಂತ ಅಕ್ಕ ಅಲ್ವಾ? ನನ್ನ ತಂಗಿ ಬರ್ತಾಳೆ, ಚೆನ್ನಾಗಿ ನೋಡ್ಕೊಳ್ಳಿ ಅಂತ ಹತ್ತು ಸಲ ಹೇಳಿದ್ರು." ಹಾಳೆಯನ್ನು ಇವಳತ್ತ ತಿರುಗಿಸಿದಳು. ಹೃದಯದ ಆ ಅವಧಿ ಉದ್ದವಾಗುವ ದೋಷ ವಂಶದಲ್ಲೇ ಹರಿಯಬಹುದಾದ್ದರಿಂದ, ಒಡಹುಟ್ಟಿದವರಲ್ಲಿ ಯಾರಿಗೇ ಕಂಡುಬಂದಿದ್ದರೂ ಪ್ರವೇಶವಿಲ್ಲ ಎಂದಿತ್ತು. ನರ್ಸಿಗೆ ಪಾಪ ಅನ್ನಿಸಿರಬೇಕು. "ನಿಮ್ಮಕ್ಕ ಆಗ ಬೇರೆ ಮಾತ್ರೆ ಏನಾದ್ರೂ ತಗೋತಿದ್ರಾ? ನೆನಪು ಮಾಡ್ಕೊಳ್ಳಿ. ಹಾಗಿದ್ರೆ ಈ ದೋಷ ಮಾತ್ರೆಯದ್ದಿರಬಹುದು, ಅವರನ್ನೇ ಮೊದಲು ಕರೆಸಿ ಇನ್ನೊಂದ್ಸಲ ನೋಡ್ತೀವಿ."