ಮೇಜಿನ ಕೆಳಗಿನ ಸುದ್ದಿ

"ಮೊಣಕೈ!" ಎಂದು ಚಿಕ್ಕಮ್ಮ ಕೂಗಿದಳು.

ಮೇಜಿನ ಮೇಲಿದ್ದ ಮೊಣಕೈಗಳೆಲ್ಲ ಒಟ್ಟಿಗೆ ಮಾಯವಾದವು.

"ಬೆನ್ನು ನೆಟ್ಟಗಿರ್ಲಿ. ಬಾಯಿ ಮುಚ್ಕೊಂಡು ಅಗೀರಿ. ಸದ್ದು ಬರಬಾರ್ದು."

ಅಗಿಯಲು ಯಾರ ಬಾಯಲ್ಲೂ ಏನೂ ಇರಲಿಲ್ಲ. ಬಟ್ಟಲು ಖಾಲಿ, ತಟ್ಟೆಯೂ ಖಾಲಿ. ಅಮ್ಮ, ಅಜ್ಜಿ ಮತ್ತು 'ರೇಡಿಯೋ' ಎಂಬ ಅಡ್ಡಹೆಸರಿನ ಹುಡುಗಿ ಗಾಳಿಯನ್ನು ಚಮಚದಲ್ಲಿ ಮೊಗೆದು, ಬಾಯಿಗಿಟ್ಟು, ಬಹಳ ಮರ್ಯಾದೆಯಿಂದ ಅಗಿಯುತ್ತಿದ್ದರು.

"ಗಾಳಿ ಚೆನ್ನಾಗಿದೆ ಕಣೇ," ಎಂದಳು ಅಜ್ಜಿ. "ಒಂಚೂರು ಉಪ್ಪು ಕಮ್ಮಿ."

ರೇಡಿಯೋ ಪಕ್ಕನೆ ನಕ್ಕಳು. ಅಮ್ಮ ಕೆಮ್ಮುವ ಹಾಗೆ ನಟಿಸಿ ನಗುವನ್ನು ಮುಚ್ಚಿಕೊಂಡಳು. ಚಿಕ್ಕಮ್ಮ ಮಾತ್ರ ನಗಲಿಲ್ಲ.

ಚಿಕ್ಕಮ್ಮ ದೊಡ್ಡ ಹೋಟೆಲಿನಲ್ಲಿ ವೇಟರುಗಳಿಗೆ ಟ್ರೇನಿಂಗ್ ಕೊಡುವವಳು. ಚಮಚ ಎಲ್ಲಿರಬೇಕು, ಲೋಟ ಎಲ್ಲಿರಬೇಕು, ನ್ಯಾಪ್ಕಿನ್ ಹೇಗೆ ಮಡಿಸಬೇಕು ಎಂಬುದನ್ನು ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಉತ್ಪ್ರೇಕ್ಷೆಯಲ್ಲ. ಅವಳ ಕೋಣೆಯಲ್ಲೇ ಮಲಗುವ ರೇಡಿಯೋ ಕಿವಿಯಾರೆ ಕೇಳಿದ್ದಾಳೆ.

ಅದೇ ಹೋಟೆಲಿನ ರಿಸೆಪ್ಷನ್ ಮಾಮನನ್ನು ಚಿಕ್ಕಮ್ಮ ಮದುವೆಯಾಗುವವಳಿದ್ದಳು. ನಾಳೆ ಮಧ್ಯಾಹ್ನ ಅವನ ಅಪ್ಪ ಅಮ್ಮ ಮೊದಲ ಸಲ ಊಟಕ್ಕೆ ಬರುತ್ತಿದ್ದರು. ಅವನ ಅಮ್ಮ ಹಲ್ಲಿನ ಡಾಕ್ಟರು.

"ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಡದೆ ಉಣ್ಣೋದು ಹೇಗೆ?" ಎಂದು ಅಜ್ಜಿ ಕೇಳಿದಳು. ಅವಳ ಕಟ್ಟಿಸಿದ ಹಲ್ಲು ಸಡಿಲ. ಒಂದೊಂದು ತುತ್ತಿಗೂ ಟಕ್ ಟಕ್ ಎಂದು ತಾಳ ಹಾಕುತ್ತಿತ್ತು.

"ಅಮ್ಮಾ, ನಿನ್ನ ಹಲ್ಲಿಗೆ ನಾನು ಹೆದರಲ್ಲ. ಇವಳ ನಾಲಿಗೆಗೆ ಹೆದರ್ತೀನಿ," ಎಂದು ಚಿಕ್ಕಮ್ಮ ಚಮಚವನ್ನು ರೇಡಿಯೋ ಕಡೆ ತಿರುಗಿಸಿದಳು.

ರೇಡಿಯೋಗೆ ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಕಣ್ಣಿಗೆ ಬಿದ್ದದ್ದು ಬಾಯಿಂದ ಹೊರಬೀಳಲು ಅವಳಿಗೆ ಒಂದು ಉಸಿರು ಸಾಕು. ಹಿಂದೆ ಮನೆ ಮಾಲೀಕರು ಬಂದಾಗ, "ಅಂಕಲ್, ನಿಮ್ಮ ಕೂದಲು ಒಂದು ಕಡೆಗೆ ಜಾರಿದೆ" ಎಂದಿದ್ದಳು. ಸಹಾಯ ಮಾಡೋಣ ಎಂದೇ ಹೇಳಿದ್ದು. ಅಂದಿನಿಂದ ಅವರು ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸಿಲ್ಲ.

"ನಾಳೆ ಒಂದೇ ಒಂದು ಎಡವಟ್ಟು ಮಾತು ಬಂದ್ರೂ ನೀನು ಎದ್ದು ಮಹಡಿ ಮನೆ ಆಂಟಿ ಹತ್ರ ಹೋಗ್ಬೇಕು," ಎಂದಳು ಚಿಕ್ಕಮ್ಮ.

ರೇಡಿಯೋ ಬೆಚ್ಚಿದಳು. ಮಹಡಿ ಮನೆಯ ಆಂಟಿ ತಮ್ಮ ಮಂಡಿನೋವಿನ ಕತೆಯನ್ನು ಎಡ ಮಂಡಿಯಿಂದ ಶುರು ಮಾಡುತ್ತಿದ್ದರು. ಬಲ ಮಂಡಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು.

"ಎಲ್ಲರೂ ಕೇಳಿ. ಅತಿಥಿಗಳು ಚಮಚ ಎತ್ತೋವರೆಗೆ ನಾವು ಎತ್ತಬಾರ್ದು. ತಗೊಳ್ಳಿ, ತಗೊಳ್ಳಿ ಅಂತ ಪ್ರಾಣ ತಿನ್ನಬಾರ್ದು. ಒಂದೇ ಸಲ ಹೇಳ್ಬೇಕು. ಬಾಯಲ್ಲಿ ಊಟ ಇರುವಾಗ ಮಾತು ಬೇಡ. ಏನೇ ಬಿದ್ರೂ ಮೇಜಿನ ಕೆಳಗೆ ಬಗ್ಗಬಾರ್ದು."

"ಹಲ್ಲು ಬಿದ್ರೆ?" ಎಂದಳು ಅಜ್ಜಿ.

ಸಂಜೆ ಚಿಕ್ಕಮ್ಮ ಮಂಚದ ಮೇಲೆ ಕೂತು ನ್ಯಾಪ್ಕಿನ್ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಅವರಿಗೆ ನಾವು ಇಷ್ಟ ಆಗದಿದ್ರೆ ಏನ್ಮಾಡ್ತೀಯ ಚಿಕ್ಕಮ್ಮ?" ಎಂದು ಕೇಳಿದಳು ರೇಡಿಯೋ.

ಚಿಕ್ಕಮ್ಮ ತಲೆಯೆತ್ತಿದಳು. ಅವಳ ಕಣ್ಣು, ಪರೀಕ್ಷೆಯ ಹಾಳೆ ಕೈಗೆ ಬಂದಾಗ ಒಂದೂ ಪ್ರಶ್ನೆ ಗೊತ್ತಿಲ್ಲದ ಹುಡುಗಿಯ ಕಣ್ಣಿನಂತಿತ್ತು.

"ಆಗ್ಬೇಕು ಕಣೇ," ಎಂದಳು ಮೆಲ್ಲಗೆ.

ರೇಡಿಯೋ ಆ ಕ್ಷಣವೇ ಬಾಯಿಗೆ ಬೀಗ ಹಾಕಿಕೊಂಡಳು. ಊಟಕ್ಕೆ ಬಾ ಎಂದು ಅಮ್ಮ ಕರೆಯುವವರೆಗೆ ಆ ಬೀಗ ಹಾಗೇ ಇತ್ತು.

ಮರುದಿನ ಅತಿಥಿಗಳು ಬಾಗಿಲಿಗೆ ಬಂದರು. ರಿಸೆಪ್ಷನ್ ಮಾಮ ಇಸ್ತ್ರಿ ಹಾಕಿದ ಅಂಗಿಯೊಳಗೆ ಕೋಲಿನಂತೆ ನಿಂತಿದ್ದ. ಅವನ ಅಪ್ಪನಿಗೆ ಪೊರಕೆಯಷ್ಟು ದಪ್ಪದ ಮೀಸೆ. ಡಾಕ್ಟರಮ್ಮನ ಹೊಳೆಯುವ ಶೂಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

"ಬನ್ನಿ, ಬನ್ನಿ. ಶೂ ಅಲ್ಲೇ ಬಿಡಿ. ನೆಲ ಈಗಷ್ಟೇ ಒರೆಸಿದ್ದೀನಿ," ಎಂದಳು ಅಜ್ಜಿ.

"ಅಮ್ಮಾ!" ಎಂದು ಚಿಕ್ಕಮ್ಮ ಹಲ್ಲು ಕಚ್ಚಿದಳು.

ಡಾಕ್ಟರಮ್ಮ ಒಂದು ಕ್ಷಣ ಕಲ್ಲಾದರು. ಆಮೇಲೆ ಗೋಡೆ ಕಡೆ ತಿರುಗಿ ಶೂ ಬಿಚ್ಚಿದರು. ಒಂದು ಪಾದವನ್ನು ಇನ್ನೊಂದರ ಹಿಂದೆ ಮರೆಮಾಡುತ್ತ, ಏಡಿಯಂತೆ ಅಡ್ಡಡ್ಡ ನಡೆದು ಬಂದು ಕುರ್ಚಿ ಸೇರಿದರು. 'ಆಂಟಿ, ನೀವ್ಯಾಕೆ ಏಡಿ ಥರ ನಡೀತೀರಾ?' ಎಂಬ ಪ್ರಶ್ನೆ ರೇಡಿಯೋ ಗಂಟಲಿನವರೆಗೆ ಬಂತು. ಕಷ್ಟಪಟ್ಟು ಅದನ್ನು ಕೆಳಗೆ ತಳ್ಳಿದಳು.

ಅಮ್ಮ ಎಲ್ಲರಿಗೂ ಬಿಸಿ ಸೂಪ್ ಬಡಿಸಿದಳು. ನಡುವೆ ಬ್ರೆಡ್ಡು, ಹುರಿದ ಆಲೂಗಡ್ಡೆ, ಕೋಳಿ. ಪರಿಮಳಕ್ಕೆ ರೇಡಿಯೋ ಹೊಟ್ಟೆಯಲ್ಲಿ ಇಲಿಗಳು ಓಟದ ಪಂದ್ಯ ಶುರು ಮಾಡಿದವು.

"ದಯವಿಟ್ಟು ಶುರು ಮಾಡಿ," ಎಂದು ಅಮ್ಮ ಒಂದೇ ಸಲ ಹೇಳಿದಳು.

"ಖಂಡಿತ. ಥ್ಯಾಂಕ್ಸ್," ಎಂದು ಡಾಕ್ಟರಮ್ಮ ಒಂದೇ ಸಲ ಹೇಳಿದರು.

ಯಾರೂ ಶುರು ಮಾಡಲಿಲ್ಲ.

ಚಿಕ್ಕಮ್ಮ ಡಾಕ್ಟರಮ್ಮನ ಚಮಚ ನೋಡಿದಳು. ಡಾಕ್ಟರಮ್ಮ ಅಮ್ಮನ ಚಮಚ ನೋಡಿದರು. ರಿಸೆಪ್ಷನ್ ಮಾಮ ಯಾರ ಚಮಚವನ್ನೂ ನೋಡುವ ಧೈರ್ಯವಿಲ್ಲದೆ ಉಪ್ಪಿನ ಡಬ್ಬಿಯನ್ನು ನೋಡಿದ.

"ಬಿಸಿಲು ಜಾಸ್ತಿ ಇವತ್ತು," ಎಂದರು ಡಾಕ್ಟರಮ್ಮ.

"ಹೌದು, ಜಾಸ್ತಿ," ಎಂದಳು ಅಮ್ಮ.

"ನಿನ್ನೆ ಇಷ್ಟಿರ್ಲಿಲ್ಲ."

"ಇಲ್ಲ, ನಿನ್ನೆ ಇರ್ಲಿಲ್ಲ."

ಬಿಸಿಲಿನ ವಿಷಯ ಮುಗಿಯಿತು. ಸೂಪಿನಿಂದ ಏಳುತ್ತಿದ್ದ ಹಬೆಯೂ ಮುಗಿಯಿತು. ಮೇಲೆ ತೆಳ್ಳಗೆ ಕೆನೆ ಕಟ್ಟತೊಡಗಿತು. ಒಂದು ನೊಣ ಕಿಟಕಿಯಿಂದ ಬಂದು, ಯಾರ ಅಪ್ಪಣೆಗೂ ಕಾಯದೆ ಬ್ರೆಡ್ಡಿನ ಮೇಲೆ ಕೂತಿತು. ಪಾಪ, ಅದಕ್ಕೆ ಯಾರೂ ಟ್ರೇನಿಂಗ್ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಮೀಸೆ ಅಂಕಲ್ ಹೊಟ್ಟೆಯಿಂದ 'ಗುರ್‌ರ್' ಎಂದು ಸದ್ದು ಬಂತು. ಲಾರಿ ಸ್ಟಾರ್ಟ್ ಆದ ಹಾಗೆ. ಎಲ್ಲರೂ ಗಡಿಬಿಡಿಯಿಂದ ಗೋಡೆ ಗಡಿಯಾರ ನೋಡತೊಡಗಿದರು. ಅದೇ ಸಮಯ ಸಾಧಿಸಿ ಅಂಕಲ್ ಬೆರಳುಗಳು ಕಳ್ಳ ಬೆಕ್ಕಿನಂತೆ ಚಮಚದ ಕಡೆ ಹರಿದವು.

"ಅಯ್ಯಮ್ಮಾ!"

ಕಿರುಚಿದ್ದು ಅಂಕಲ್ ಅಲ್ಲ, ಅವರ ಪಕ್ಕದಲ್ಲಿದ್ದ ರೇಡಿಯೋ. ಯಾರೋ ಅವಳ ಕಾಲಿಗೆ ಒದ್ದಿದ್ದರು! ಏನು, ಎತ್ತ ಎಂದು ಯೋಚಿಸುವ ಮೊದಲೇ ಅವಳು ಮೇಜಿನ ಕೆಳಗೆ ಬಗ್ಗಿಬಿಟ್ಟಿದ್ದಳು.

ಕೆಳಗೆ ಬೇರೆಯೇ ಲೋಕವಿತ್ತು.

ಮೇಲೆ ಎಲ್ಲರೂ ಫೋಟೋಕ್ಕೆ ಕೂತವರಂತೆ ಕೂತಿದ್ದರೆ, ಇಲ್ಲಿ ಒಂದು ಕಾಲೂ ಸುಮ್ಮನಿರಲಿಲ್ಲ. ಚಿಕ್ಕಮ್ಮನ ಮಂಡಿಗಳು ಹೊಲಿಗೆ ಯಂತ್ರದಂತೆ ಕುಣಿಯುತ್ತಿದ್ದವು. ರಿಸೆಪ್ಷನ್ ಮಾಮನ ಪಾದಗಳು ಓಡಿಹೋಗಲು ತಯಾರಾದಂತೆ ಬಾಗಿಲ ಕಡೆ ತಿರುಗಿದ್ದವು. ಅಮ್ಮ ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಿದ್ದಳು. ಅಜ್ಜಿ ಮಾತ್ರ ಕಾಲನ್ನು ಕುರ್ಚಿಯ ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಎದುರಿಗೆ ಡಾಕ್ಟರಮ್ಮನ ಕಾಲು ಇನ್ನೂ ಚಾಚಿಕೊಂಡೇ ಇತ್ತು. ಅಂಕಲ್‌ಗೆ ಬೀಳಬೇಕಾದ ಒದೆ ಗುರಿ ತಪ್ಪಿತ್ತು. ಆ ಕಾಲಿನ ಸಾಕ್ಸ್ ತುದಿಯಲ್ಲಿ ದೊಡ್ಡ ತೂತು. ತೂತಿನಿಂದ ಹೆಬ್ಬೆರಳು, ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದ ಹುಡುಗನಂತೆ ಪೂರ್ತಿ ಹೊರಗೆ ಬಂದಿತ್ತು.

ರೇಡಿಯೋ ಕಣ್ಣರಳಿಸಿದಳು. ಅಷ್ಟರಲ್ಲಿ ಮೇಜುಬಟ್ಟೆಯ ಅಂಚು ಎದ್ದಿತು. ಕೆಳಗೆ ಇಣುಕಿದ್ದು ಡಾಕ್ಟರಮ್ಮನೇ. ಅವರು ರೇಡಿಯೋಳನ್ನು ನೋಡಿದರು. ರೇಡಿಯೋ ನೋಡುತ್ತಿದ್ದುದನ್ನೂ ನೋಡಿದರು.

ಆ ಕಣ್ಣು! ರೇಡಿಯೋ ಅದನ್ನು ಎಲ್ಲೋ ಕಂಡಿದ್ದಳು. ಎಲ್ಲೋ ಏನು, ನಿನ್ನೆ ಸಂಜೆ, ನ್ಯಾಪ್ಕಿನ್ನುಗಳ ನಡುವೆ.

ಹೆಬ್ಬೆರಳು ಸರ್ರನೆ ಹಿಂದಕ್ಕೆ ಹೋಯಿತು.

ರೇಡಿಯೋ ಮೇಲೆ ಬರುವಾಗ ತಲೆ ಮೇಜಿಗೆ ದಡ್ ಎಂದು ಹೊಡೆಯಿತು. ಬಟ್ಟಲುಗಳೆಲ್ಲ ಒಮ್ಮೆ ಕುಪ್ಪಳಿಸಿದವು.

"ಏನೇ ಅದು? ಕೆಳಗೇನು ಮಾಡ್ತಿದ್ದೆ?" ಚಿಕ್ಕಮ್ಮನ ದನಿ ಕೀರಲಾಗಿತ್ತು. "ಏನಿದೆ ಕೆಳಗೆ?"

ಎಲ್ಲರೂ ಅವಳನ್ನೇ ನೋಡಿದರು. ಡಾಕ್ಟರಮ್ಮ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ರೇಡಿಯೋ ತುದಿನಾಲಿಗೆಯಲ್ಲಿ ಸುದ್ದಿ ಬಂದು ಕೂತಿತ್ತು. ಎಂಥ ಸುದ್ದಿ! ಮನೆ ಮಾಲೀಕರ ಕೂದಲಿಗಿಂತ ದೊಡ್ಡದು. ತುಟಿ ತೆರೆದರೆ ಸಾಕು, ತಾನಾಗಿಯೇ ಹಾರಿ ಹೋಗುತ್ತದೆ. ಅದನ್ನು ತಡೆಯುವ ಉಪಾಯ ಅವಳಿಗೆ ಒಂದೇ ಒಂದು ಹೊಳೆಯಿತು.

ಅವಳು ಚಮಚ ಎತ್ತಿದಳು. ಸೂಪನ್ನು ತುಂಬ ಮೊಗೆದು ಬಾಯಿಗೆ ಸುರಿದುಕೊಂಡಳು. ಅದರ ಮೇಲೆ ಇನ್ನೊಂದು ಚಮಚ. ಸಾಲದೆಂದು ಒಂದು ತುಂಡು ಬ್ರೆಡ್ಡನ್ನೂ ತುರುಕಿದಳು. ಕೆನ್ನೆಗಳು ಬಲೂನಿನಂತೆ ಉಬ್ಬಿದವು. ಆಮೇಲೆ ಬೆರಳಿನಿಂದ ಬಾಯಿ ತೋರಿಸಿ, ಮಾತಾಡುವ ಹಾಗಿಲ್ಲ ಎಂದು ತಲೆಯಾಡಿಸಿದಳು.

ಚಿಕ್ಕಮ್ಮನ ಮುಖ ನ್ಯಾಪ್ಕಿನ್ನಿನಷ್ಟು ಬೆಳ್ಳಗಾಯಿತು. "ಅತಿಥಿಗಳಿಗಿಂತ ಮುಂಚೆ..." ಎಂದು ತೊದಲಿದಳು.

"ಅಬ್ಬಾ! ಮನೆಯವರು ಶುರು ಮಾಡಿದ್ರು!" ಎಂದು ಮೀಸೆ ಅಂಕಲ್ ಬಟ್ಟಲಿನ ಮೇಲೆ ಬಿದ್ದರು. ಮೀಸೆಯ ಅರ್ಧ ಸೂಪಿನಲ್ಲಿ ಮುಳುಗಿತು.

"ಮನೆಯವರಾ? ನೀವು ಶುರು ಮಾಡ್ಲಿ ಅಂತ ನಾವು ಕಾಯ್ತಿದ್ವಿ," ಎಂದಳು ಅಮ್ಮ.

"ಅಯ್ಯೋ, ನೀವು ಶುರು ಮಾಡ್ಲಿ ಅಂತ ನಾವು!" ಎಂದರು ಡಾಕ್ಟರಮ್ಮ.

"ವಾರದಿಂದ ಇವಳು," ಎಂದು ಅಂಕಲ್ ಹೆಂಡತಿಯತ್ತ ಚಮಚ ತೋರಿಸಿದರು, "ನನಗೆ ಖಾಲಿ ತಟ್ಟೆ ಇಟ್ಟು ಪಾಠ ಮಾಡಿದ್ದೇ ಮಾಡಿದ್ದು. ಮನೆಯವರು ಎತ್ತೋವರೆಗೆ ಎತ್ತಬೇಡಿ, ಸುರ್ ಅನ್ನಬೇಡಿ, ಮೀಸೆ ಒರೆಸ್ಕೊಳ್ಳಿ... ಅಯ್ಯೋ!"

ಈ ಸಲ ಒದೆ ಗುರಿ ತಪ್ಪಿರಲಿಲ್ಲ.

"ಖಾಲಿ ತಟ್ಟೆನಾ?" ಅಜ್ಜಿ ಮುಂದಕ್ಕೆ ಬಾಗಿದಳು. "ನಿಮ್ಮನೆ ಗಾಳಿಗೆ ಉಪ್ಪು ಸರಿಯಾಗಿತ್ತಾ?"

ಮೊದಲು ನಕ್ಕದ್ದು ರಿಸೆಪ್ಷನ್ ಮಾಮ. ಆಮೇಲೆ ಅಮ್ಮ. ಅಜ್ಜಿ ತನ್ನ ಮಾತಿಗೆ ತಾನೇ ಎಷ್ಟು ನಕ್ಕಳೆಂದರೆ, ಮೇಲಿನ ಸಾಲಿನ ಹಲ್ಲು ಪೂರ್ತಿ ಕಳಚಿ ಸೂಪಿಗೆ ಬುಳುಂಕನೆ ಬಿತ್ತು.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು.

ಡಾಕ್ಟರಮ್ಮ ತಮ್ಮ ಚಮಚ ಹಾಕಿ ಹಲ್ಲನ್ನು ಎತ್ತಿದರು. ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಇದ್ಯಾರಮ್ಮ ಮಾಡಿದ್ದು? ಬಡಗಿನಾ? ನಮ್ಮ ಕ್ಲಿನಿಕ್‌ಗೆ ಬನ್ನಿ, ಸರಿ ಮಾಡ್ಕೊಡ್ತೀನಿ."

"ಆಲೂಗಡ್ಡೆ ಮುಗಿಸೋವರೆಗೆ ಕೊಡಿ," ಎಂದು ಅಜ್ಜಿ ಕೈ ಚಾಚಿದಳು. "ಆಮೇಲೆ ನೀವೇ ಇಟ್ಕೊಳ್ಳಿ."

ಅದಾದ ಮೇಲೆ ಮೇಜಿನ ಮೇಲೆ ಮೊಣಕೈಗಳು ಒಂದೊಂದಾಗಿ ವಾಪಸು ಬಂದವು. ಚಿಕ್ಕಮ್ಮನ ಮೊಣಕೈ ಕೊನೆಯಲ್ಲಿ ಬಂತು. ಆದರೂ ಬಂತು.

ಸಂಜೆ ಅತಿಥಿಗಳು ಹೊರಟಾಗ ಡಾಕ್ಟರಮ್ಮ ಶೂ ಹಾಕಿಕೊಂಡು ಲೇಸು ಕಟ್ಟಿ ಎದ್ದರು. ರೇಡಿಯೋ ಕೆನ್ನೆಯನ್ನು ಒಮ್ಮೆ ಮುಟ್ಟಿದರು.

ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು, ರೇಡಿಯೋ ಒರೆಸುತ್ತಿದ್ದಳು.

"ಈಗ ಹೇಳೇ. ಬೈಯಲ್ಲ. ಕೆಳಗೆ ಏನು ನೋಡ್ದೆ?"

"ಕಾಲು."

"ಯಾರ ಕಾಲು?"

"ಎಲ್ಲರದ್ದೂ. ನಿನ್ನ ಮಂಡಿ ಡಗಡಗ ಅಂತಿತ್ತು."

"ಅದು ನನಗೂ ಗೊತ್ತು. ಮತ್ತೆ? ಡಾಕ್ಟರಮ್ಮ ಒಂಥರಾ ನಡೀತಿದ್ರಲ್ಲ, ಅವರ ಕಾಲಿಗೆ ಏನಾಗಿತ್ತು?"

ರೇಡಿಯೋ ತಟ್ಟೆಯನ್ನು ಕಿರ್ ಕಿರ್ ಎನ್ನುವವರೆಗೆ ಒರೆಸಿದಳು. ಸುದ್ದಿ ಇನ್ನೂ ತುದಿನಾಲಿಗೆಯಲ್ಲೇ ಇತ್ತು. ಈಗ ಬಾಯಲ್ಲಿ ಸೂಪೂ ಇರಲಿಲ್ಲ, ಬ್ರೆಡ್ಡೂ ಇರಲಿಲ್ಲ.

"ಅವರಿಗೂ ನಿನ್ನಷ್ಟೇ ಭಯ ಆಗಿತ್ತು, ಚಿಕ್ಕಮ್ಮ," ಎಂದಳು.

ಚಿಕ್ಕಮ್ಮನ ಸೋಪಿನ ಕೈ ಹಾಗೇ ನಿಂತಿತು. "ಅವರಿಗಾ? ನಮ್ಮನ್ನ ನೋಡಿನಾ? ನಿನಗೆ ಹೇಗೆ ಗೊತ್ತಾಯ್ತು?"

ರೇಡಿಯೋ ಒಂದು ಉಸಿರು ತಡೆದಳು. ಇನ್ನೊಂದು ಉಸಿರು ತಡೆದಳು. ಆಮೇಲೆ ಕೈ ಚಾಚಿ, "ಆ ಬಟ್ಟಲು ಕೊಡು, ಒರೆಸ್ತೀನಿ," ಎಂದಳು.