ಕೆಂಪೇರದ ನೀರು

"ಮುಟ್ಬೇಡ ಮಾರಾಯ್ತಿ, ಕೋಲಲ್ಲಿ ಆಚೆ ತಳ್ಳು!" ಅತ್ತೆ ಅನ್ನಮ್ಮ ಜಗಲಿಯಿಂದಲೇ ಕೂಗಿದಳು.

ಚೈತ್ರ ಮುಟ್ಟಿಯೇಬಿಟ್ಟಳು. ಹೊಸ ಸೊಸೆಗೆ ಅಷ್ಟು ಹಟವಾದರೂ ಬೇಡವೇ! ಗೇಟಿನ ಬುಡದಲ್ಲಿ ಹೋಳು ಮಾಡಿದ ನಿಂಬೆಹಣ್ಣು, ಅದರ ತುಂಬ ಕುಂಕುಮ. ದಾವಣಗೆರೆಯ ಹುಡುಗಿ, ಬಾಳಗಡಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು. ಸೀತೂರಿನ ಈ ಮನೆಗೆ ಬಂದು ತಿಂಗಳಾಗಿರಲಿಲ್ಲ. "ಕೆಂಪು ಕಂಡ್ರೆ ಹೆದರೋದಾದ್ರೆ ನಾನು ಪೇಪರ್ ತಿದ್ದೋ ಪೆನ್ನನ್ನೂ ಎಸೀಬೇಕಲ್ಲ ಅತ್ತೆ?" ಎಂದು ನಕ್ಕು, ಆ ಕುಂಕುಮವನ್ನೇ ಹಣೆಗಿಟ್ಟುಕೊಂಡಳು.

ಅನ್ನಮ್ಮ ಬಿಳಿಚಿಕೊಂಡಳು. "ಎಂತ ಮಾಡ್ದೆ ಕೂಸೇ! ಅದು ಗಂಡನ ಆಯಸ್ಸು ತೆಗೆಯೋ ಕುಂಕುಮ!"

ಆ ಸಂಜೆ ಗಂಡ ಪ್ರದೀಪ ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದವನೇ ಹಾಸಿಗೆ ಹಿಡಿದ. ಮೈ ಸುಡುತ್ತಿತ್ತು. ತುಟಿಯ ಕೆಂಪೆಲ್ಲ ಇಳಿದು ಸುಣ್ಣದ ಬಣ್ಣವಾಗಿತ್ತು. ಡಾಕ್ಟರ ಮೊಬೈಲಿಗೆ ಕರೆ ಹೋಗಲಿಲ್ಲ. ಕನ್ನಡಿಯಲ್ಲಿ ಚೈತ್ರಳ ಹಣೆಯ ಕುಂಕುಮ ಬೂದಿಯಾಗಿ ಕಂಡಿತು. ಕಲಬೆರಕೆ ಇರಬೇಕು ಎಂದುಕೊಂಡಳು. ಮರುಕ್ಷಣ ಅನುಮಾನ ಬೇರೆ ಕಡೆ ಹೊರಳಿತು. ಅದು ಯಾತರ ಕುಂಕುಮವೆಂದು ಅತ್ತೆಗೆ ಹೇಗೆ ಗೊತ್ತು? ಈ ಮದುವೆ ಆಕೆಗೆ ಮೊದಲಿಂದಲೂ ಹಿಡಿಸಿರಲಿಲ್ಲ.

ದೃಷ್ಟಿ ತೆಗೆಯಲು ಅನ್ನಮ್ಮ ತಟ್ಟೆಯಲ್ಲಿ ನೀರು ತಂದಳು. ಅರಿಸಿನ ಕದಡಿ ಸುಣ್ಣ ಹಾಕಿದರೆ ನೀರು ಕೆಂಪಾಗಲೇಬೇಕು. ಚೈತ್ರ ಅದನ್ನು ತರಗತಿಯಲ್ಲೇ ಮಾಡಿ ತೋರಿಸಿದ್ದಳು. "ಕೊಡಿ, ನಾನೇ ಕಲಸ್ತೀನಿ," ಎಂದು ತಟ್ಟೆ ಕಿತ್ತುಕೊಂಡಳು. ಅತ್ತೆಯ ಕೈಯನ್ನು ಅವಳು ನಂಬುವ ಹಾಗಿರಲಿಲ್ಲ.

ಸುಣ್ಣ ಹಾಕಿದಳು. ಹಳದಿ. ಇನ್ನಷ್ಟು ಹಾಕಿದಳು. ಬೆರಳು ಉರಿಯಿತು. ಹಳದಿಯೇ. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ. ದೀಪ ಕುಗ್ಗಿತು. ಪ್ರದೀಪನ ಗಂಟಲು ಗೊರಗೊರ ಎಂದಿತು. ಕಲಿತ ವಿದ್ಯೆ ಕೈಕೊಟ್ಟಿತ್ತು. ಚೈತ್ರ ತಟ್ಟೆಯನ್ನು ಅತ್ತೆಯ ಮುಂದಿಟ್ಟಳು.

"ಅತ್ತೇ, ಏನಾದ್ರೂ ಮಾಡಿ!"

"ನಮ್ಮವ್ವನ ಕಾಲದಲ್ಲೂ ಹಿಂಗೇ ಆಗಿತ್ತು," ಅನ್ನಮ್ಮ ಮೆಲ್ಲಗೆಂದಳು. "ಮನೇಲಿ ಒಬ್ಬ ಮುತ್ತೈದೆಯ ಕುಂಕುಮ ತಗೊಳ್ದೆ ಇದು ಹೋಗದಿಲ್ಲ."

ಜಗಲಿಯ ಕಡೆ ನೋಡಿದಳು. ಅಲ್ಲಿ ಅವಳ ಗಂಡ ವಾಸಪ್ಪ ರೇಡಿಯೊ ತಿರುಗಿಸುತ್ತ ಕೂತಿದ್ದ. ಅವಳ ಕಣ್ಣು ತುಂಬಿ ಬಂತು. ತನ್ನ ಹಣೆಯ ಕುಂಕುಮ ಒರೆಸಿ, ಆ ಬೆರಳನ್ನು ನೀರಿಗದ್ದಿದಳು.

ತಟ್ಟೆ ತುಂಬ ನೆತ್ತರಗೆಂಪು.

"ಅಮ್ಮಾ, ಬಾಯಾರ್ತಿದೆ," ಎಂದು ಪ್ರದೀಪ ಎದ್ದು ಕೂತ. ಚೈತ್ರ ಅಳುತ್ತ ಅತ್ತೆಯ ಕಾಲು ಹಿಡಿದಳು. ಅನ್ನಮ್ಮ ಅವಳತ್ತ ನೋಡಲೇ ಇಲ್ಲ.

"ಕೇಳ್ತಾ?" ಎಂದು ಜಗಲಿಯ ಕಡೆ ಕರೆದಳು. "ನಿಮ್ಗೇ ಹೇಳಿದ್ದು. ಕೇಳ್ತಾ?"

ರೇಡಿಯೊ ಮಾತ್ರ ಹಾಡುತ್ತಿತ್ತು.